ನಮ್ಮವರೇ ಅಂದದ್ದು

ಕೋಲಾರ
ತಾ. ೨೦ ಸೆಪ್ಟೆಂಬರ್ ೧೯೩೯

ಮಾಲೂರಿನಲ್ಲಿರುವ ಪ್ರೀತಿಯ ಗಂಗರತ್ನಕ್ಕನಿಗೆ, ತಂಗಿ ಎಸ್ತರಮ್ಮ ಕರ್ತನ ಹೆಸರಿನಲ್ಲಿ ಮಾಡುವ ವಂದನೆಗಳು.

ನಾನು ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಆಸ್ಪತ್ರೆಯ ಲಿಲ್ಲಿ ಡಾಕ್ಟರಮ್ಮನವರನ್ನು ಹೋದ ವಾರ ಪೊಲೀಸರು ಕರೆದುಕೊಂಡು ಹೋದರು. ಯುದ್ಧ ಶುರುವಾಯಿತಲ್ಲ, ಜರ್ಮನಿಯವರನ್ನೆಲ್ಲ ಒಂದು ಶಿಬಿರದಲ್ಲಿ ಕೂಡಿಹಾಕುತ್ತಿದ್ದಾರಂತೆ. ಯೆಹೂದ್ಯರೆಂದು ಜರ್ಮನಿಯ ಸರ್ಕಾರದವರೇ ಇವರ ಮನೆ ಕಿತ್ತುಕೊಂಡು ಅಲ್ಲಿಂದ ಓಡಿಸಿದರು. ಇಲ್ಲಿ ನೋಡಿದರೆ ಜರ್ಮನಿಯವರೆಂದು ಹಿಡಿದರು. ಇದೆಂಥ ನ್ಯಾಯ ಕಣಕ್ಕಾ! ಯಾರ ಹತ್ತಿರ ಹೋಗಿ ಅಳಲಿ?

ಅವರು ಬಂದು ಎಂಟು ತಿಂಗಳಾಗಿತ್ತು. ಮೊದಲ ದಿನ ನನ್ನ ಹೆಸರು ಕೇಳಿದವರೇ, ಎಸ್ತೇರ್ ಅಂದರೆ ನಮ್ಮ ಯೆಹೂದ್ಯರ ರಾಣಿಯ ಹೆಸರು ಅಂದು ಕೈ ಹಿಡಿದುಕೊಂಡರು. ನಮ್ಮದು ನಮ್ಮದು ಅಂದುಕೊಂಡಿದ್ದೆಲ್ಲ ಅವರ ಮನೆಯಿಂದಲೇ ಬಂದದ್ದು. ದಾವೀದನ ಕೀರ್ತನೆಯನ್ನು ನಾನು ಕನ್ನಡದಲ್ಲಿ ಹೇಳಿದರೆ ಅವರು ತಮ್ಮ ಇಬ್ರಿಯ ಭಾಷೆಯಲ್ಲಿ ಹೇಳುತ್ತಿದ್ದರು. ಆಮೆನ್ ಮಾತ್ರ ಇಬ್ಬರದೂ ಒಟ್ಟಿಗೆ. ಅವರ ಪಸ್ಕ ಹಬ್ಬಕ್ಕೆ ಹುಳಿಯಿಲ್ಲದ ರೊಟ್ಟಿ ಬೇಕೆಂದಾಗ ಅಡುಗೆಯ ಅಶ್ವತ್ಥಮ್ಮ, "ಅಯ್ಯೋ, ಚಪಾತಿಗೆ ಯಾರಮ್ಮ ಹುಳಿ ಹಾಕ್ತಾರೆ?" ಎಂದು ನಕ್ಕಿದ್ದೇ ನಕ್ಕಿದ್ದು. ಕರ್ತನು ಕಡೆಯ ಊಟದಲ್ಲಿ ಮುರಿದದ್ದೂ ಅದೇ ರೊಟ್ಟಿಯಂತೆ.

ಅದೇ ವಾರ ನಮ್ಮ ಶುಭ ಶುಕ್ರವಾರ. ನನ್ನ ಮೇಲಿನ ಪ್ರೀತಿಗೆ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಾದ್ರಿ ಅಯ್ಯನವರು ಯೆಹೂದ್ಯರೇ ಕರ್ತನನ್ನು ಕೊಲ್ಲಿಸಿದ ದ್ರೋಹಿಗಳೆಂದು ಕೂಗಿ ಪ್ರಸಂಗ ಮಾಡುವಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರಿಗೆ ಕನ್ನಡ ಅಷ್ಟು ಬಾರದಿದ್ದದ್ದೇ ಒಳ್ಳೆಯದಾಯಿತು.

ಯುದ್ಧ ಶುರುವಾದ ಮೂರನೇ ದಿನ ದಫೇದಾರ್ ಕೋದಂಡರಾಮಪ್ಪನವರು ಬಂದು ಹೆಸರು, ದೇಶ, ಮತ ಎಲ್ಲ ಬರೆದುಕೊಂಡಿದ್ದರು. ಮತದ ಮುಂದೆ ಹೇಗೋ ಕ್ರೈಸ್ತರು ಎಂದು ಬಿದ್ದಿದೆ. ಯೆಹೂದ್ಯರೆಂದು ಇದ್ದಿದ್ದರೆ, ಇವರು ಆ ಸರ್ಕಾರದ ಕಡೆಯವರಲ್ಲವೆಂದು ವಿಚಾರಿಸಿ ಬಿಡುತ್ತಿದ್ದರಂತೆ. ನಿನ್ನೆ ಸ್ಟೇಷನ್ನಿಗೆ ಹೋಗಿ ತಿದ್ದಿಕೊಡಿರೆಂದು ಬೇಡಿಕೊಂಡೆ. "ಕಾಗದ ಮೇಲಕ್ಕೆ ಹೋಗ್ಬಿಟ್ಟಿದೆ ಕಣಮ್ಮ, ನನ್ನ ಕೈಲೇನೂ ಇಲ್ಲ" ಅಂದರು. ನಮ್ಮ ಆಸ್ಪತ್ರೆಯ ದೊಡ್ಡ ದೊರೆಸಾನಿಯವರು ಸರ್ಕಾರಕ್ಕೆ ಬರೆದದ್ದಕ್ಕೂ ಉತ್ತರ ಬಂದಿಲ್ಲ.

ಭಾವನವರಿಗೆ ಕಚೇರಿಯ ಬರವಣಿಗೆ ಗೊತ್ತಲ್ಲ, ದಮ್ಮಯ್ಯ, ಒಂದು ಅರ್ಜಿ ಬರೆಸಿ ಕಳಿಸು. ಯಾರೋ ತಪ್ಪು ತಿಳಿಸಿದ್ದರಿಂದ ಹೀಗಾಯಿತು ಎಂದಿರಲಿ. ಪ್ರಾರ್ಥನೆಗೆ ಕೂತರೆ ನನಗೆ ಬರೀ ಅಳು ಬರುತ್ತದೆ.

ನಿನ್ನ ದಾರಿ ನೋಡುತ್ತಿರುವ ತಂಗಿ,
ಎಸ್ತರಮ್ಮ

ಮತ್ತೊಂದು ಮಾತು: ಯಾರೋ ಅಲ್ಲ ಅಕ್ಕಾ, ನಾನೇ. ದಫೇದಾರರ ಮಾತು ಅವರಿಗೆ, ಅವರ ಮಾತು ದಫೇದಾರರಿಗೆ ತಿಳಿಸಲು ನಡುವೆ ನಿಂತವಳು ನಾನು. ಡಾಕ್ಟರಮ್ಮ ಎದೆ ಮುಟ್ಟಿಕೊಂಡು ತಾನು ಯೆಹೂದಿ ಎಂದು ಎರಡು ಸಲ ಇಂಗ್ಲಿಷಿನಲ್ಲಿ ನನಗೆ ಹೇಳಿದರು. ನಮ್ಮಲ್ಲಿ ಅದು ಬೈಗುಳವಾಗಿಹೋಗಿದೆಯಲ್ಲ, ಪರರ ಮುಂದೆ ಅವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ. "ನಮ್ಮವರೇ ಸ್ವಾಮಿ, ನಮ್ಮ ಮತದವರೇ, ಬರ್ಕೊಳ್ಳಿ" ಅಂದುಬಿಟ್ಟೆ. ಅವರ ಮಾನ ಉಳಿಸಿದೆ ಅಂದುಕೊಂಡೆ. ನಾನು ಅಂದದ್ದರಲ್ಲಿ ಡಾಕ್ಟರಮ್ಮನವರಿಗೆ ಗೊತ್ತಾದದ್ದು ನಮ್ಮವರೇ ಅನ್ನುವುದೊಂದೇ. ನಕ್ಕು, ನನ್ನ ಕೈ ಅದುಮಿ, ರುಜು ಹಾಕಿದರು.