ಅರ್ಧ ಹೊಲದ ನೀರು

ಅಕ್ಕಾ,
ಎಳ್ಳಮಾವಾಸ್ಯೆಗೆ ರೂಮ್‌ಮೇಟ್ ವಿಶಾಲಾಕ್ಷಿ ತಂಬ್ರಹಳ್ಳಿಯ ತನ್ನ ಮನೆಗೆ ಕರೆದೊಯ್ದಿದ್ದಳು. ಬಸುರಿ ಭೂಮಿತಾಯಿಗೆ ಅಂದು ಬಯಕೆಯ ಊಟ ಬಡಿಸುತ್ತಾರಂತೆ, ಅದೇ ಚರಗ. ಅವಳಪ್ಪ "ಹುಲಿಗ್ಯೋ" ಎಂದು ಕೂಗುತ್ತ ಜೋಳದ ಹೊಲಕ್ಕೆ ಚರಗದ ಅನ್ನ ಚೆಲ್ಲಿದರೆ, ಹಿಂದೆಯೇ ತಂಬಿಗೆಯಿಂದ ನೀರು ಚಿಮುಕಿಸುವ ಕೆಲಸ ನನ್ನದು. ಫುಲ್ ಖುಷಿಯಲ್ಲಿದ್ದೆ. ಅರ್ಧ ಹೊಲ ಮುಗಿದಾಗ ಅವಳಜ್ಜಿ, "ನೀ ಯಾರ ಪೈಕಿ ಆತವ್ವಾ?" ಅಂದರು. ನಮ್ಮ ಜಾತಿ ಹೇಳಿದೆ.

"ಅಯ್ಯ, ತಂಬಿಗಿ ಕೆಳಗಿಡು! ಭೂಮ್ತಾಯಿಗೆ ಮೈಲಿಗಿ ಆಕ್ಕೈತಿ!"

ವಿಶಾಲಾಕ್ಷಿಯೇ ಬಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಉಣ್ಣದೆ ಬಸ್ ಹತ್ತಿ ಕೊಟ್ಟೂರಿನ ಹಾಸ್ಟೆಲ್‌ಗೆ ಬಂದೆ. ರೂಮ್ ಬದಲಿಸಲು ವಾರ್ಡನ್‌ರನ್ನು ಕೇಳುತ್ತೇನೆ. ಪ್ಲೀಸ್, ಈ ಪತ್ರ ಅಪ್ಪನಿಗೆ ತೋರಿಸಬೇಡ, ಕಾಲೇಜು ಬಿಡಿಸಿಯಾರು.

ಅರ್ಧ ಹೊಲಕ್ಕೆ ನನ್ನ ಕೈಯ ನೀರೇ ಬಿದ್ದಿದೆ. ಸುಗ್ಗಿಗೆ ಆ ಅಜ್ಜಿ ಜೋಳ ಹೇಗೆ ಬೇರ್ಪಡಿಸಿ ತಿನ್ನುತ್ತಾಳೋ ನೋಡೋಣ.

ಸಂಘಮಿತ್ರಾ