ನೀನೇ ಮೈಮೇಲೆ ಬರುತ್ತೀಯ ಅಂದರು

ಅವ್ವಾ,

ನೀನು ಹೋದ ಮೇಲೆ ಈ ಮನೆಯಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಎಮರ್ಜೆನ್ಸಿ ಬಂದ ವರ್ಷ, ನಿನ್ನ ವರ್ಷದ ತಿಥಿ ಮುಗಿದ ಮಾರನೇ ದಿನ, ಅಪ್ಪ ಊಟಕ್ಕೆ ಕೂತವನು ಸೋಮನಹಳ್ಳಿಯ ರತ್ನಮ್ಮನನ್ನು ಮದುವೆಯಾಗುತ್ತೇನೆ ಅಂದ. ಗಂಡ ಸತ್ತವಳು, ಮಕ್ಕಳಿಲ್ಲ. ಅಣ್ಣ ತಟ್ಟೆ ತಳ್ಳಿ ಎದ್ದ.

"ಅವ್ಳು ಈ ಒಸ್ಲು ತುಳುದ್ರೆ ಎಣ ಬೀಳ್ತದೆ ಕಣಪ್ಪ."

"ಯಾರ್ದ್ಲಾ ಎಣ? ನಂದಾ, ನಿಂದಾ?"

ಇಬ್ಬರೂ ಮೂಲೆಯಲ್ಲಿದ್ದ ಮಚ್ಚಿನ ಕಡೆ ನೋಡಿದರು. ಆಮೇಲಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ. ಇಬ್ಬರೂ ಸೇರಿ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

ಅಲ್ಲಿಂದಾಚೆಗೆ ಅವರು ದನಿ ಎತ್ತಿದರೆ ಸಾಕು, ಹಲ್ಲು ಕಚ್ಚಿಕೊಂಡು ಬೀಳುತ್ತಿದ್ದೆ. ಪಕ್ಕದ ಮನೆ ಚೆನ್ನಮ್ಮತ್ತೆ ಅಪ್ಪನಿಗೆ ಹೇಳಿದಳು: "ಸವತಿ ಬತ್ತಾವ್ಳೆ ಅಂತ ಸತ್ತೋಳ್ಗೆ ಗೊತ್ತಾಗ್ಬುಟ್ಟದೆ. ಮಗಳ ಮೈಮ್ಯಾಕೆ ಬತ್ತಾವ್ಳೆ ಕಣಪ್ಪ." ಮಳವಳ್ಳಿ ಕಡೆಯ ಮಂತ್ರವಾದಿ ಬೇವಿನ ಬರಲಿನಲ್ಲಿ ಹೊಡೆದು, "ನೀನ್ಯಾರು, ಯೋಳು" ಅಂದ. ನಿನ್ನ ಹೆಸರು ಹೇಳಿದ್ದರೆ ಬಿಡುತ್ತಿದ್ದ. ಹೇಳಲಿಲ್ಲ. ನನಗೆ ಅಂಥದ್ದು ಮಾಡುವವಳಾ ನೀನು? ಆದರೂ ಒಳಗೊಳಗೇ ಹೆದರಿಕೆ, ಒಂದು ವೇಳೆ ನೀನೇ ಆಗಿದ್ದರೆ...

ಆಮೇಲೆ ಮನೆಯಲ್ಲಿ ಮಾತೇ ನಿಂತಿತು. ಜಗಳಕ್ಕಿಂತ ಅದೇ ಹೆಚ್ಚು ಭಯ. ಒಂದು ದಿನ ಅಣ್ಣ ಮಚ್ಚಿಗೆ ಸಾಣೆ ಹಿಡಿಸಿಕೊಂಡು ಬಂದ. ಕಬ್ಬು ಕಡಿಯೋಕೆ ಅಂದ. ನಮ್ಮ ಕಬ್ಬು ಫ್ಯಾಕ್ಟರಿಗೆ ಹೋಗಿ ತಿಂಗಳಾಗಿತ್ತು.

ನಾನು ಬೀಳುವುದು ನಿಲ್ಲಲಿಲ್ಲ ಅಂತ ತೋರಿಸಿದಾಗ ಮಂಡ್ಯದ ಡಾಕ್ಟರು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿದರು. "ಕಾಯ್ಲೆ ಇವ್ಳಿಗೆ. ನಾವ್ಯಾಕಮ್ಮ?" ಅಂತ ಅಪ್ಪ ರೇಗಿದ. ಅವರು ನನ್ನನ್ನೇ ಕೇಳಿದರು: "ನೀನು ಬೀಳದಿದ್ದರೆ ಮನೇಲಿ ಏನಾಗುತ್ತಮ್ಮ?"

"ಇಬ್ರಲ್ಲಿ ಒಬ್ರು ಸಾಯ್ತಾರೆ" ಅಂದುಬಿಟ್ಟೆ.

ಬೇಕೆಂದು ಬೀಳುತ್ತಿರಲಿಲ್ಲ ಅವ್ವ. ಯಾಕೆ ಬೀಳುತ್ತಿದ್ದೆ ಅನ್ನುವುದು ನನಗೂ ತಿಳಿದದ್ದು ಆಗಲೇ. ಮತ್ತೆ ಯಾವತ್ತು ಬರಬೇಕು ಅಂತ ಅಪ್ಪನೇ ಕೇಳಿದ.

ಮದ್ದೂರಿನಿಂದ ರೈಲು ಹತ್ತಿ ಎಷ್ಟೋ ಸಲ ಹೋದೆವು. ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಒಂದು ಸಲ ಅಣ್ಣ ಕೇಳಿಯೇ ಬಿಟ್ಟ: "ಅವ್ವ ಸಾಯೋವಾಗ ನೀನೆಲ್ಲಿದ್ದೆ?"

"ನೋಡಕ್ಕಾಗ್ದೆ ಓಡೋದೆ ಕಣ್ಲಾ. ಆವತ್ತಿಂದ ನಿನ್ ಮಕ ನೋಡಕ್ಕೂ ಎದ್ರಿಕೆ. ಮನೇಲಿ ಮಾತಾಡ್ಸೋರು ಯಾರವ್ರೆ ನಂಗೆ?"

ಅಣ್ಣ ಗೋಡೆ ಕಡೆ ತಿರುಗಿ ಅತ್ತ.

ಕಳೆದ ಶುಕ್ರವಾರ ರತ್ನಮ್ಮ ಅಪ್ಪನನ್ನು ಮದುವೆಯಾಗಿ ಮನೆಗೆ ಬಂದಳು. "ನಾನು ಅವ್ವ ಅನ್ನಕಿಲ್ಲ" ಅಂದ ಅಣ್ಣ. "ಅನ್ಬ್ಯಾಡ ಕಣಪ್ಪ, ಉಣ್ಣಕ್ ಬಾ" ಅಂದಳು. ನಿನಗೆ ನೋವಾಯಿತಾ?

ನಿನ್ನೆ ಅವಳು ನಿನ್ನ ಟ್ರಂಕು ತೆಗೆದಳೆಂದು ಅಣ್ಣ ಕೂಗಾಡಿದ. ಅಪ್ಪ ಎದುರು ನಿಂತ. ನನಗೆ ಹಲ್ಲು ಕಚ್ಚಿಕೊಳ್ಳತೊಡಗಿತು, ಕಣ್ಣು ಕತ್ತಲೆಯಾಯಿತು. ಗೋಡೆ ಹಿಡಿದುಕೊಂಡೆ.

"ನಾನು ಬೀಳಕಿಲ್ಲ. ಕೂತ್ಕಂಡು ಮಾತಾಡಿ" ಅಂದೆ.

ಅಪ್ಪ ಕೂತ. ಅಣ್ಣ ನಿಂತೇ ಇದ್ದ ಅವ್ವ, ಬಹಳ ಹೊತ್ತು. ನಾನೂ ನಿಂತೇ ಇದ್ದೆ. ಕೊನೆಗೆ ಅವನೂ ಕೂತ.

ನಿನ್ನ
ಜಯ