ಮೂರು ಸಲ ಬೀಳ್ಕೊಟ್ಟರೂ ಹೋಗದ ಬಿಷಪ್ಪರು

ಬಿನ್ ಒಮ್ರಾನ್, ದೋಹಾ
ಮೇ ೧೫, ಶುಕ್ರವಾರ

ಪ್ರೀತಿಯ ರೀ,

ಲಕೋಟೆಯ ಮೇಲೆ ಗೇಬ್ರಿಯಲ್ ಎಂದು ಬರೆದೆ, ಒಳಗೆ ಹೆಸರು ಬರೆಯಲು ಕೈ ಬರಲಿಲ್ಲ. ಹೇಗಿದ್ದೀರಿ? ಬಿಪಿ ಗುಳಿಗೆ ಉಳಿದಿವೆಯೇ? ಹೊತ್ತು ಹೋಗದೆಂದು ಉಪ್ಪಿನಕಾಯಿ ಡಬ್ಬಿ ಖಾಲಿ ಮಾಡಬೇಡಿ. ನಾನು ಚೆನ್ನಾಗಿದ್ದೇನೆ. ಆಕಾಶದಲ್ಲಿ ಢಂ ಅಂದಾಗ ಮಾತ್ರ ಕಿಟಕಿ ಇಲ್ಲದ ಬಚ್ಚಲಲ್ಲಿ ಹೋಗಿ ಕೂರುತ್ತೇನೆ. ಕೂತು ಕೂತು ಬೇಜಾರಾಗಿ ಉಜ್ಜಿದ್ದಕ್ಕೆ ಬಚ್ಚಲು ಎಂದೂ ಇಲ್ಲದಷ್ಟು ಫಳಫಳ ಅನ್ನುತ್ತಿದೆ. ಈ ಯುದ್ಧದ ದೆಸೆಯಿಂದ ನಿಮ್ಮ ಹಡಗು ಹಮದ್ ಬಂದರಿನ ಹೊರಗೆ ಲಂಗರು ಹಾಕಿ ಇಪ್ಪತ್ತಾರು ದಿನವಾಯಿತು, ಹಡಗಿನವರಿಗೆ ಫೋನ್ ಬಂದ್ ಮಾಡಿ ಹತ್ತು ದಿನ. ಮದುವೆಯಾದ ಮೇಲೆ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು.

ಇದನ್ನು ನಿಮ್ಮ ಕೈಗೆ ಕೊಡುವವರು ಬಿಷಪ್ ಆಲ್ಬರ್ಟ್. ಇಂಗ್ಲೆಂಡಿನವರು, ಆಂಗ್ಲಿಕನ್ ಸಭೆಯವರು, ವಯಸ್ಸು ಎಪ್ಪತ್ತೊಂದು, ಅದರಲ್ಲಿ ನಲವತ್ತು ವರ್ಷ ಪರದೇಶದಲ್ಲೇ ಸೇವೆ ಮಾಡಿದವರು. ಕನ್ನಡ ಬಾರದು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಎರಡು ದಿನಕ್ಕೆಂದು ಬಂದವರು ವಿಮಾನ ನಿಂತು ಸಿಕ್ಕಿಕೊಂಡರು. ಸಭೆಯವರು ನಮ್ಮ ಎದುರು ಫ್ಲ್ಯಾಟಿನಲ್ಲಿ ಇಳಿಸಿ, ಊಟದ ಜವಾಬ್ದಾರಿ ನನ್ನ ತಲೆಗೆ ಕಟ್ಟಿದರು. ಮೊದಲ ದಿನ ಜೋಳದ ರೊಟ್ಟಿಯನ್ನು ಚಾಕುವಿನಿಂದ ಕೊಯ್ಯಲು ಹೋದರು. ಈಗ ಶೇಂಗಾ ಚಟ್ನಿಯ ಡಬ್ಬಿಯನ್ನು ತಾವೇ ಕಪಾಟಿನಿಂದ ಇಳಿಸಿಕೊಳ್ಳುತ್ತಾರೆ.

ಅವರ ಮೇಲಿನವರು ಸೌದಿ ಗಡಿ ದಾಟಿಸುವ ಬಸ್ಸಿನಲ್ಲಿ ಸೀಟು ಹಿಡಿದು, ಹೊರಡಿ ಎಂದು ಕಟ್ಟಪ್ಪಣೆ ಮಾಡಿದರು. ನಮ್ಮ ಕನ್ನಡ ಪ್ರಾರ್ಥನಾಕೂಟ ಸುಮ್ಮನಿರುತ್ತದೆಯೇ? ಬೀಳ್ಕೊಡುಗೆ ಸಮಾರಂಭ! ಶಾಲು, ಹಣ್ಣಿನ ಬುಟ್ಟಿ, ಕಾರ್ಯದರ್ಶಿ ವಿಜಯಕುಮಾರರ ನಲವತ್ತು ನಿಮಿಷದ ಭಾಷಣ. ಎಲ್ಲರೂ ಅತ್ತರು. ಮರುದಿನ ಏಳಕ್ಕೆ ಬಸ್ಸು. ಎಂಟಕ್ಕೆ ಬಿಷಪ್ಪರು ನಮ್ಮ ಬಾಗಿಲಲ್ಲಿ, ತಿಂಡಿಗೆ! ಇಂಡಸ್ಟ್ರಿಯಲ್ ಏರಿಯಾದ ಕೂಲಿಕಾರರ ಕ್ಯಾಂಪಿನಲ್ಲಿ ಯಾರಿಗೋ ಜ್ವರ, ನೋಡಿ ಬರಬೇಕಂತೆ. ಮುಂದಿನ ವಾರ ಎರಡನೇ ಸೀಟು, ಎರಡನೇ ಶಾಲು, ಅದೇ ಭಾಷಣ. ಆಗಲೂ ಹೋಗಲಿಲ್ಲ. ಮೂರನೆಯ ಸಲ ಬುಟ್ಟಿಯಲ್ಲಿ ಬರೀ ಬಾಳೆಹಣ್ಣು, ಅಳುವವರೂ ಇಲ್ಲ. ವಿಜಯಕುಮಾರರು ನನ್ನ ಕಿವಿಯಲ್ಲಿ, "ಅಕ್ಕಾರ, ಈ ಸಲಾನೂ ಹೋಗ್ಲಿಲ್ಲಂದ್ರ ಶಾಲು ವಾಪಸ್ ಇಸ್ಕೊಳ್ಳೋದಽ ಮತ್ತ" ಅಂದರು. ಎಲ್ಲಿಯ ಶಾಲು? ಅವನ್ನೆಲ್ಲ ಕ್ಯಾಂಪಿನಲ್ಲಿ ಜ್ವರಕ್ಕೆ ನಡುಗುವವರಿಗೆ ಹೊದಿಸಿ ಬಂದಿದ್ದರು.

ನನ್ನ ಹರಕು ಇಂಗ್ಲಿಷಿನಲ್ಲಿ ದಿನಾ ಬೈದೆ, ಈ ವಯಸ್ಸಿನಲ್ಲಿ ಏನು ಹಟ ಎಂದು. ಒಂದು ದಿನ ಹೇಳಿದರು: ಹಿಂದೆ ಇನ್ನೊಂದು ದೇಶದಲ್ಲಿ ಯುದ್ಧವಾದಾಗ ಮೇಲಿನವರ ಮಾತು ಕೇಳಿ ಹೊರಟುಬಿಟ್ಟಿದ್ದರಂತೆ. ಮರಳಿ ಹೋದಾಗ ಯಾರೂ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟರಂತೆ. ಆ ಚಹಾ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ ಎಂದರು. ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಮತ್ತೆ ಬೈದೆ. ಇವತ್ತು ನೋಡಿದರೆ ದಿನಸಿ ಒಯ್ಯುವ ದೋಣಿಯಲ್ಲಿ ಜಾಗ ಗಿಟ್ಟಿಸಿ ನಿಮ್ಮಂಥವರ ಹಡಗುಗಳಿಗೆ ಹೊರಟಿದ್ದಾರೆ.

ಇನ್ನು ನನ್ನ ವಿಷಯ. "ಕಂಪನಿಯವರು ಸೀಟ್ ಕೊಟ್ಟಾರ, ಸುಮ್ನ ಗದಗಕ್ಕ ಹೋಗು" ಎಂದು ನಿಮ್ಮ ಕೊನೆಯ ಮೆಸೇಜು. ನಾಳೆಯ ಬಸ್ಸಿನ ಪಟ್ಟಿಯಲ್ಲಿ ಹೆಸರು ಬಂತು. ನಿನ್ನೆ ನನಗೂ ಬೀಳ್ಕೊಡುಗೆ ಆಯಿತು. ಅಂತೂ ನಿಜವಾಗಿ ಹೋಗುವವರು ಒಬ್ಬರು ಸಿಕ್ಕರೆಂದು ವಿಜಯಕುಮಾರರು ಹೊಸ ಭಾಷಣವನ್ನೇ ಬರೆದಿದ್ದರು. ಶಾಲು ಹೊದ್ದು ನಾನೂ ಚೆನ್ನಾಗಿ ಅತ್ತೆ.

ದೇವರು ನಿಮ್ಮನ್ನೂ ನಿಮ್ಮ ಜೊತೆಯವರನ್ನೂ ಕಾಯಲಿ. ಏಣಿ ಹತ್ತುವಾಗ ಬಿಷಪ್ಪರಿಗೆ ಕೈ ಕೊಡಿ, ಮೊಣಕಾಲು ನೋವಿದೆ, ಹೇಳಿಕೊಳ್ಳುವುದಿಲ್ಲ.

ನಿಮ್ಮ
ರೋಸ್‌ಮೇರಿ

ತಾ.ಕ.: ಬಿಷಪ್ಪರು ಬಾಗಿಲಲ್ಲಿ ನಿಂತು ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾರೆ, ಹೇಳಿಬಿಡುತ್ತೇನೆ. ನಾನು ಹೋಗುತ್ತಿಲ್ಲ. ಮೇಲಿನ ಮನೆಯ ನಶೀದಾ ಏಳು ತಿಂಗಳ ಬಸುರಿ, ಒಂದೊಂದು ಸದ್ದಿಗೂ ಹೊಟ್ಟೆ ಹಿಡಿದು ಕೂರುತ್ತಾಳೆ. ಬೆಳಿಗ್ಗೆ ಪಟ್ಟಿಯಲ್ಲಿ ನನ್ನ ಹೆಸರು ತೆಗೆಸಿ ಅವಳದು ಬರೆಸಿ ಬಂದೆ. ಬಿಷಪ್ಪರಿಗೆ ಹೇಳಿಲ್ಲ, ಮೂರು ವಾರ ಬೈದ ಬಾಯಿಂದ ಹೇಗೆ ಹೇಳಲಿ? ನೀವು ಇಷ್ಟು ಹತ್ತಿರದ ನೀರಿನಲ್ಲಿರುವಾಗ ಗದಗಿನಲ್ಲಿ ಕೂತು ನಾನೇನು ಮಾಡಲಿ, ರೀ? ನೀವು ದಡಕ್ಕೆ ಬಂದ ದಿನ ಬಾಗಿಲು ತೆಗೆಯಲು ನಾನಿರುತ್ತೇನೆ. ಬೈಯುವುದಿದ್ದರೆ ಆವತ್ತು ಎದುರಿಗೇ ನಿಂತು ಬೈಯಿರಿ.